ಮಳೆಗಾಲದ ಪಿಯಾನೊ: ಕಿಲುಬು, ತುಕ್ಕು, ಮೇಲೇಳದ ಕೀಗಳು

ಜುಲೈ ತಿಂಗಳಲ್ಲಿ ಮಂಗಳೂರಿನ ಯಾವುದಾದರೂ ಹಳೆಯ ಪಿಯಾನೊದ ಮುಂದೆ ಕೂತು ನಡುವಿನ ಒಂದು ಕೀ ಒತ್ತಿ ನೋಡಿ. ಸ್ವರ ಒಮ್ಮೆ ಕೇಳುತ್ತದೆ. ಎರಡನೇ ಸಲ ಒತ್ತಲು ಹೋದರೆ ಕೀ ಇನ್ನೂ ಕೆಳಗೇ ಕೂತಿರುತ್ತದೆ. ಬೆರಳು ತೆಗೆದ ಮೇಲೆ ಮೆಲ್ಲಗೆ ಏಳುತ್ತದೆ, ಇಲ್ಲವೇ ಏಳುವುದೇ ಇಲ್ಲ. ಮನೆಯವರ ಕೈ ಆಗ ಮೊದಲು ಹೋಗುವುದು ಹೊಲಿಗೆ ಯಂತ್ರದ ಎಣ್ಣೆ ಡಬ್ಬಿಗೆ. ದಯವಿಟ್ಟು ಆ ಡಬ್ಬಿಯನ್ನು ಅಲ್ಲೇ ಇಟ್ಟುಬಿಡಿ. ಕೊಬ್ಬರಿ ಎಣ್ಣೆಯೂ ಬೇಡ, ಗ್ಯಾರೇಜಿನಲ್ಲಿ ತುಕ್ಕು ಬಿಡಿಸಲು ಚಿಮುಕಿಸುವ ಡಬ್ಲ್ಯುಡಿ-40 ಕೂಡ ಬೇಡ. ನೂರು ವರ್ಷದ ತೇವವನ್ನು ತಾಳಿಕೊಂಡ ಎಷ್ಟೋ ಪಿಯಾನೊಗಳು ಕೊನೆಗೆ ಕೆಟ್ಟಿದ್ದು ಎಣ್ಣೆಯಿಂದ.

ಕಾರಣ ತಿಳಿಯಲು ಒಳಗೆ ಏನಿದೆ ಎಂದು ನೋಡಬೇಕು. ಕೀ ಒತ್ತಿದಾಗ ಅದರ ಹಿಂಬದಿ ಮೇಲೆದ್ದು ಮರದ ಸನ್ನೆಗಳ ಒಂದು ಸಾಲನ್ನು ತಳ್ಳುತ್ತದೆ. ಕೊನೆಯ ಸನ್ನೆ ಹ್ಯಾಮರನ್ನು ತಂತಿಯ ಕಡೆ ಎಸೆಯುತ್ತದೆ. ಈ ಇಡೀ ವ್ಯವಸ್ಥೆಗೆ ಆ್ಯಕ್ಷನ್ ಎನ್ನುತ್ತಾರೆ. ಅದರ ಪ್ರತಿ ಸನ್ನೆಯೂ ಫ್ಲ್ಯಾಂಜ್ ಎಂಬ ಪುಟ್ಟ ಮರದ ತುಂಡಿಗೆ ಒಂದು ಪಿನ್ನಿನ ಮೂಲಕ, ಬಾಗಿಲು ತಿರುಗುಣಿಯಲ್ಲಿ ಕೂತಂತೆ, ಜೋಡಣೆಯಾಗಿರುತ್ತದೆ. ಪಿನ್ನಿನ ದಪ್ಪ ಸುಮಾರು ಒಂದೂಕಾಲು ಮಿಲಿಮೀಟರ್. ಲೋಹ ಹಿತ್ತಾಳೆ, ಹಲವು ಪಿಯಾನೊಗಳಲ್ಲಿ ಅದಕ್ಕೆ ನಿಕ್ಕಲ್ ಲೇಪ ಇರುತ್ತದೆ. ಪಿನ್ ತಿರುಗುವ ತೂತಿನ ಒಳಗೋಡೆಗೆ ತೆಳ್ಳನೆಯ ಉಣ್ಣೆ ಬಟ್ಟೆ ಅಂಟಿಸಿರುತ್ತಾರೆ, ಅದೇ ಬುಶ್. ಗ್ರ್ಯಾಂಡ್ ಪಿಯಾನೊದಲ್ಲಿ ಒಂದು ಸ್ವರಕ್ಕೆ ಇಂಥ ಐದು ತಿರುಗುಣಿಗಳು ಸಾಮಾನ್ಯ, ಗೋಡೆಗೆ ಆನಿಸಿಡುವ ಅಪ್‌ರೈಟ್‌ನಲ್ಲಿ ನಾಲ್ಕು. 88 ಕೀಗಳಿಗೆ ಲೆಕ್ಕ ಹಾಕಿದರೆ ಮುನ್ನೂರೈವತ್ತಕ್ಕೂ ಹೆಚ್ಚು ಪಿನ್‌ಗಳು.

ಉಣ್ಣೆ ತನ್ನ ತೂಕದ ಸುಮಾರು ಮೂರನೇ ಒಂದು ಪಾಲಿನಷ್ಟು ನೀರನ್ನು ಗಾಳಿಯಿಂದಲೇ ಹೀರಬಲ್ಲದು. ಹೀರಿದಾಗ ಹಿಗ್ಗುತ್ತದೆ. ಸುತ್ತ ಮರದ ಗೋಡೆ ಇರುವುದರಿಂದ ಹಿಗ್ಗಿದ ಬಟ್ಟೆಗೆ ಹೋಗಲು ಜಾಗವಿಲ್ಲ, ಅದು ಪಿನ್ನನ್ನು ಅಪ್ಪಿ ಹಿಡಿಯುತ್ತದೆ. ಅಲ್ಲಿಗೆ ಎಣ್ಣೆ ಬಿಟ್ಟರೆ ಒಂದೆರಡು ದಿನ ಜಾರಿದಂತೆ ಕಾಣುತ್ತದೆ. ಆಮೇಲೆ ಬಟ್ಟೆ ಎಣ್ಣೆ ಕುಡಿದು ಇನ್ನಷ್ಟು ಉಬ್ಬುತ್ತದೆ, ದೂಳು ಸೇರಿ ಅಂಟಾಗುತ್ತದೆ, ಬಟ್ಟೆಯನ್ನು ಕೂರಿಸಿದ ಅಂಟಿನ ಹಿಡಿತ ಸಡಿಲಾಗುತ್ತದೆ. ಎಲ್ಲಕ್ಕಿಂತ ಕೆಟ್ಟದ್ದೆಂದರೆ ಎಣ್ಣೆಯಲ್ಲಿರುವ ಆಮ್ಲ ಹಿತ್ತಾಳೆಯೊಡನೆ ಸೇರಿ ಹಸಿರು ಕಿಲುಬು ಕಟ್ಟಲು ಶುರುವಾಗುತ್ತದೆ. ಹಿಗ್ಗಿದ ಬಟ್ಟೆ ಒಣಗಿದರೆ ಸರಿಹೋದೀತು. ಕಿಲುಬು ತಾನಾಗಿ ಹೋಗುವುದಿಲ್ಲ.

ಈ ಎರಡನ್ನು ಬೇರೆಬೇರೆಯಾಗಿ ಗುರುತಿಸುವುದೇ ಇಡೀ ಕೆಲಸದ ಅರ್ಧ ಭಾಗ. ಅದಕ್ಕೆ ಒಳ್ಳೆಯ ಸಾಧನ ಕ್ಯಾಲೆಂಡರು. ಮಳೆಗಾಲದಲ್ಲಿ ಯಾವ ಕೀಗಳು ತಡವಾಗಿ ಏಳುತ್ತವೆ ಎಂದು ಒಂದು ಹಾಳೆಯಲ್ಲಿ ಗುರುತು ಮಾಡಿಟ್ಟುಕೊಳ್ಳಿ. ಎಡತುದಿಯ ಕೀಯನ್ನು ಒಂದು ಎಂದು ಎಣಿಸಿದರೆ ಸಾಕು. (ಹಳೆಯ ಬ್ರಿಟಿಷ್ ಪಿಯಾನೊಗಳಲ್ಲಿ 85 ಕೀಗಳೇ ಇರುವುದುಂಟು, ಮೂರು ಕಳೆದುಹೋಗಿವೆ ಎಂದುಕೊಳ್ಳಬೇಡಿ.) ಫೆಬ್ರವರಿ ಮಾರ್ಚಿನಲ್ಲಿ ಅದೇ ಹಾಳೆ ಹಿಡಿದು ಮತ್ತೆ ನೋಡಿ. ಆಗ ಸರಿಯಾಗಿ ಏಳುವ ಕೀಗಳ ತೊಂದರೆ ತೇವದ್ದು. ಒಣ ಹವೆಯಲ್ಲೂ ಬಿಗಿಯಾಗೇ ಇರುವ ಕೀಗಳಲ್ಲಿ ಕಿಲುಬೋ ತುಕ್ಕೋ ಹಳೆಯ ಎಣ್ಣೆಯೋ ಇದೆ. ಬೆಂಗಳೂರಿನಲ್ಲಿ ಮಾರ್ಚಿನ ಮಧ್ಯಾಹ್ನ ತೇವಾಂಶ ಶೇಕಡಾ 30ರ ಆಸುಪಾಸಿಗೆ ಇಳಿಯುತ್ತದೆ, ಹಾಗಾಗಿ ಅಲ್ಲಿ ಈ ವ್ಯತ್ಯಾಸ ಸ್ಪಷ್ಟ. ಕರಾವಳಿಯಲ್ಲಿ ಅಷ್ಟು ಒಣಗುವುದಿಲ್ಲ, ಆದರೂ ಜನವರಿಗೂ ಜುಲೈಗೂ ಇರುವ ಅಂತರ ಬೆರಳಿಗೆ ತಿಳಿಯುವಷ್ಟಿರುತ್ತದೆ.

ಅವಸರ ಇದ್ದವರು ಹತ್ತು ರೂಪಾಯಿ ನಾಣ್ಯಗಳಿಂದ ಅಳೆಯಬಹುದು. ಎರಡು ಬಣ್ಣದ ಹತ್ತು ರೂಪಾಯಿ ನಾಣ್ಯ ಸುಮಾರು 7.7 ಗ್ರಾಂ ತೂಗುತ್ತದೆ. ಬಲಗಡೆಯ ಪೆಡಲ್ ಒತ್ತಿ ಹಿಡಿದು, ಬಿಳಿ ಕೀಯ ಮುಂತುದಿಯಲ್ಲಿ ಒಂದೊಂದೇ ನಾಣ್ಯ ಪೇರಿಸಿ. ಸುಸ್ಥಿತಿಯಲ್ಲಿರುವ ಗ್ರ್ಯಾಂಡ್ ಪಿಯಾನೊದ ಕೀ ಸುಮಾರು 50 ಗ್ರಾಮಿಗೆ, ಅಂದರೆ ಆರೇಳು ನಾಣ್ಯಕ್ಕೆ, ನಿಧಾನವಾಗಿ ಇಳಿಯಬೇಕು. ಅರ್ಧ ಒತ್ತಿದ ಕೀ ಎರಡು ಮೂರು ನಾಣ್ಯ ಹೊತ್ತುಕೊಂಡೂ ಮೇಲೇಳಬೇಕು. ಇಳಿಯಲು ಹತ್ತು ನಾಣ್ಯ ಬೇಕಾಗಿ, ಏಳುವಾಗ ಒಂದನ್ನೂ ಹೊರಲಾರದಿದ್ದರೆ ಘರ್ಷಣೆ ಹೆಚ್ಚಾಗಿದೆ ಎಂದೇ ಅರ್ಥ. ಅಪ್‌ರೈಟ್‌ನಲ್ಲಿ ಈ ಅಂಕಿಗಳನ್ನು ಅಷ್ಟು ಕಟ್ಟುನಿಟ್ಟಾಗಿ ನಂಬಲಾಗದು. ಆದರೂ ಒಂದು ಕೀಯನ್ನು ಅದರ ಪಕ್ಕದ ಕೀಯೊಡನೆ ಹೋಲಿಸಲು ಇದೇ ಸಾಕು.

ಸಿಕ್ಕಿಕೊಂಡಿರುವುದು ಎಲ್ಲಿ?

ಅಪ್‌ರೈಟ್‌ನ ಮೇಲಿನ ಮುಚ್ಚಳ ಎತ್ತಿ ಮುಂದಿನ ಹಲಗೆ ತೆಗೆದರೆ ಹ್ಯಾಮರುಗಳ ಸಾಲು ಕಾಣುತ್ತದೆ. ತೊಂದರೆಯ ಕೀ ಒತ್ತಿ ಬಿಡಿ, ನೋಡುತ್ತಿರಿ. ಹ್ಯಾಮರ್ ತಂತಿಯ ಹತ್ತಿರವೇ ನಿಂತುಬಿಟ್ಟರೆ ಅದರ ಫ್ಲ್ಯಾಂಜ್ ಬಿಗಿಯಾಗಿದೆ, ಅಥವಾ ಅದನ್ನು ಹಿಂದೆಳೆಯುವ ಸ್ಪ್ರಿಂಗ್ ಸತ್ತಿದೆ. ಹ್ಯಾಮರ್ ಸರಿಯಾಗಿ ಹಿಂದೆ ಬಂದರೂ ಕೀ ಕೆಳಗೇ ಇದ್ದರೆ ತಪ್ಪು ಕೀಯದ್ದು. ಮೊದಲ ಹೊಡೆತ ಕೇಳಿ ಎರಡನೆಯದು ಕೇಳದಿದ್ದರೆ, ಹ್ಯಾಮರನ್ನು ತಳ್ಳುವ ಜ್ಯಾಕ್ ಎಂಬ ಸಣ್ಣ ಕಡ್ಡಿ ತನ್ನ ಜಾಗಕ್ಕೆ ಮರಳುತ್ತಿಲ್ಲ. ಕೀ ಬಿಟ್ಟ ಮೇಲೂ ಸ್ವರ ಮೊಳಗುತ್ತಲೇ ಇದ್ದರೆ ತಂತಿಯ ಕಂಪನ ನಿಲ್ಲಿಸುವ ಡ್ಯಾಂಪರಿನ ಸನ್ನೆ ನೋಡಬೇಕು. ಈ ನಾಲ್ಕು ಪ್ರಶ್ನೆಗಳನ್ನು ಕೇಳಿಕೊಳ್ಳದೆ ಎಲ್ಲ ಕಡೆ ಔಷಧಿ ಸುರಿಯುವವರ ಕೈಗೆ ಪಿಯಾನೊ ಕೊಡಬಾರದು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಕೀಯದ್ದೇ ತೊಂದರೆಯಾದರೆ ಬಹಳ ಸಲ ಪರಿಹಾರ ಸುಲಭ. ಕೀಗಳ ಮುಂದೆ ಉದ್ದಕ್ಕೆ ಒಂದು ಪಟ್ಟಿ ಇರುತ್ತದಲ್ಲ, ಮಳೆಗಾಲದಲ್ಲಿ ಅದು ಬಾಗಿ ಕೀಗಳ ಮೂತಿಗೆ ಉಜ್ಜುತ್ತದೆ. ಹತ್ತಾರು ಕೀಗಳು ಒಟ್ಟಿಗೆ ಕೆಟ್ಟಂತೆ ಕಂಡರೆ ಮೊದಲು ಇಲ್ಲೇ ನೋಡಿ. ಪಟ್ಟಿಯ ಸ್ಕ್ರೂ ಸಡಿಲಿಸಿ, ಹಿಂದೆ ಆಮಂತ್ರಣ ಪತ್ರಿಕೆಯಷ್ಟು ದಪ್ಪದ ಕಾಗದ ಇಟ್ಟು ಮತ್ತೆ ಬಿಗಿದರೆ ಕೆಲಸ ಮುಗಿಯಿತು. ಎರಡು ಕೀಗಳ ನಡುವೆ ಬಿದ್ದ ನಾಣ್ಯ, ಪೆನ್ಸಿಲ್ ತುಂಡು, ಹೇರ್‌ಪಿನ್ ಇವೂ ಇದೇ ತೊಂದರೆ ಕೊಡುತ್ತವೆ.

ಕೀ ಹೊರತೆಗೆದರೆ ಕೆಳಗೆ ಎರಡು ಸಾಲು ಲೋಹದ ಕಡ್ಡಿಗಳು ಕಾಣುತ್ತವೆ. ನಡುವಿನ ಕಡ್ಡಿಯ ಮೇಲೆ ಕೀ ತೂಗುತ್ತದೆ, ಮುಂದಿನದು ಅದನ್ನು ನೇರವಾಗಿರಿಸುತ್ತದೆ. ಲೇಪ ಹೋದ ಕಡೆ ತುಕ್ಕು ಹಿಡಿದು ಕೀಯೊಳಗಿನ ಬಟ್ಟೆಗೆ ಉಜ್ಜುತ್ತಿರುತ್ತವೆ. ಒಂದೊಂದು ಕಡ್ಡಿಗೂ ಬ್ರಾಸೊದಂಥ ಪಾಲಿಶ್ ಹಚ್ಚಿದ ಬಟ್ಟೆ ಸುತ್ತಿ ತಿಕ್ಕಿ, ಆಮೇಲೆ ಒಣಬಟ್ಟೆಯಿಂದ ಲೇಶವೂ ಉಳಿಯದಂತೆ ಒರೆಸಬೇಕು. ಕೆಳಗಿನ ಫೆಲ್ಟ್ ಬಿಲ್ಲೆಗಳ ಮೇಲೆ ಪಾಲಿಶ್ ತೊಟ್ಟಿಕ್ಕಬಾರದು. ತೊಂದರೆ ಬಟ್ಟೆ ಹಿಗ್ಗಿದ್ದರಿಂದಾದರೆ ಅದನ್ನು ಅಗಲಿಸಲು ಅಗಲ ದವಡೆಯ ವಿಶೇಷ ಇಕ್ಕಳವಿದೆ. ಮಾಮೂಲಿ ಇಕ್ಕಳ ಹಾಕಿದರೆ ಮರ ಸೀಳುತ್ತದೆ. ಕೀಗಳ ಮೇಲೆ ಅಂಕಿ ಮುದ್ರಿತವಾಗಿರುತ್ತದೆ, ಅದೇ ಕ್ರಮದಲ್ಲಿ ಜೋಡಿಸಿಡಿ.

ಕೀಯ ಪಕ್ಕದಲ್ಲಿ ಸೀಸದ ದುಂಡನೆಯ ಬಿಲ್ಲೆಗಳು ಕಂಡರೆ ಕೈ ತಡೆಯಿರಿ. ತೂಕ ಹೊಂದಿಸಲು ಹಾಕಿದ ಈ ಸೀಸ, ಮರ ಬಿಡುವ ಆಮ್ಲದ ಆವಿ ಮತ್ತು ತೇವ ಸೇರಿದಾಗ, ಬಿಳಿ ಪುಡಿಯಾಗಿ ಉಬ್ಬುತ್ತದೆ. ಉಬ್ಬಿದ ಸೀಸ ಕೀಯ ಮರವನ್ನು ಸೀಳುವುದೂ ಉಂಟು, ಪಕ್ಕದ ಕೀಗೆ ತಾಗಿ ಎರಡನ್ನೂ ನಿಲ್ಲಿಸುವುದೂ ಉಂಟು. ಆ ಪುಡಿ ವಿಷ. ಉಜ್ಜುಕಾಗದ ಹಾಕಬಾರದು, ಬಾಯಲ್ಲಿ ಊದಬಾರದು, ಮಕ್ಕಳನ್ನು ಹತ್ತಿರ ಬಿಡಬಾರದು. ಕೈಗವಸು ಮತ್ತು ಮಾಸ್ಕ್ ಹಾಕಿಕೊಂಡು ಒದ್ದೆ ಬಟ್ಟೆಯಲ್ಲಿ ಒರೆಸಿ ಆ ಬಟ್ಟೆಯನ್ನು ಚೀಲದಲ್ಲಿ ಕಟ್ಟಿ ಬಿಸಾಡಬೇಕು. ಸೀಸ ಬದಲಿಸುವುದು ತಂತ್ರಜ್ಞರ ಕೆಲಸ.

ಹಿಗ್ಗಿದ ಬುಶ್‌ಗೆ ಏನು ಮಾಡಬಹುದು

ಮೊದಲು ಒಣಗಿಸಿ. ಪಿಯಾನೊ ಇರುವ ಕೋಣೆಯಲ್ಲಿ ತೇವ ಇಳಿಸುವ ಯಂತ್ರವನ್ನು ಎರಡು ಮೂರು ವಾರ ನಡೆಸಿ, ಆಮೇಲೂ ಏಳದ ಕೀಗಳನ್ನು ಮಾತ್ರ ಮುಟ್ಟಿ. ಹೇರ್‌ಡ್ರೈಯರ್ ಹಿಡಿಯುವವರಿದ್ದಾರೆ. ಅದರಿಂದ ಹಳೆಯ ಸರೇಸು ಬಿಡುತ್ತದೆ, ಸಣ್ಣ ಮರದ ತುಂಡುಗಳು ಸೊಟ್ಟಗಾಗುತ್ತವೆ.

ಉಳಿದ ಬುಶ್‌ಗಳಿಗೆ ತಂತ್ರಜ್ಞರು ತಲೆಮಾರುಗಳಿಂದ ಬಳಸುವ ಉಪಾಯ ಆಲ್ಕೊಹಾಲ್ ಮತ್ತು ನೀರಿನ ಮಿಶ್ರಣ. ಬಿಗಿಯಾದ ಬಟ್ಟೆಗೆ ಮತ್ತೆ ನೀರು ಹಾಕುವುದು ವಿಚಿತ್ರವಾಗಿ ಕಂಡೀತು. ಆದರೆ ಅದರಲ್ಲಿ ತರ್ಕವಿದೆ. ಒದ್ದೆಯಾದ ಬಟ್ಟೆ ಪೂರ್ತಿ ಹಿಗ್ಗಿ ಪಿನ್ನಿಗೂ ಮರಕ್ಕೂ ನಡುವೆ ಅದುಮಿಕೊಳ್ಳುತ್ತದೆ, ಒಣಗಿದಾಗ ಅದುಮಿದ ಆಕಾರದಲ್ಲೇ ಕುಗ್ಗಿ ಪಿನ್ನಿಗೆ ಚೂರು ಜಾಗ ಬಿಡುತ್ತದೆ. ನೀರನ್ನು ಬಟ್ಟೆಯೊಳಗೆ ಬೇಗ ಒಯ್ಯುವುದು, ಬೇಗ ಆರಿಸುವುದು ಆಲ್ಕೊಹಾಲಿನ ಪಾಲಿನ ಕೆಲಸ. ಔಷಧಿ ಅಂಗಡಿಯಲ್ಲಿ ಸಿಗುವ ಶೇಕಡಾ 70ರ ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಉಳಿದ 30 ಪಾಲು ಹೆಚ್ಚುಕಡಿಮೆ ನೀರೇ, ಅದೇ ಸಾಕು. ಕೈಗೆ ಹಚ್ಚುವ ಸ್ಯಾನಿಟೈಸರ್ ಬೇಡ, ಅದರಲ್ಲಿ ಗ್ಲಿಸರಿನ್ ಇದ್ದು ಬುಶ್‌ನಲ್ಲಿ ಅಂಟು ಉಳಿಯುತ್ತದೆ. ಸೂಜಿ ತುದಿಯ ಸಣ್ಣ ಬಾಟಲಿಯಿಂದ ಪಿನ್ನಿನ ಎರಡೂ ಕಡೆ ಒಂದೊಂದು ಹನಿ ಬಿಟ್ಟು, ಹ್ಯಾಮರನ್ನು ಬೆರಳಿನಿಂದ ಹತ್ತಾರು ಸಲ ಆಡಿಸಿ, ಮರುದಿನದವರೆಗೆ ಬಿಡಬೇಕು. ಹನಿ ಬಿಟ್ಟ ಕೂಡಲೇ ಇನ್ನಷ್ಟು ಬಿಗಿಯಾಗುವುದು ಸಹಜ. ಹೊರಗವಚದ ಅರಗಿನ ಪಾಲಿಶ್ ಮೇಲೆ ಒಂದು ಹನಿ ಬಿದ್ದರೂ ಕಲೆ ಉಳಿಯುತ್ತದೆ. ಕೆಲಸ ಮಾಡುವಾಗ ಕಿಟಕಿ ತೆರೆದಿರಲಿ, ದೀಪ ಊದುಬತ್ತಿ ಏನೂ ಹೊತ್ತಿರಬಾರದು.

ಒಣಗಿದ ಮೇಲೆ ಬೇಕಿದ್ದರೆ ಪಿಯಾನೊಗೆಂದೇ ತಯಾರಾಗುವ ಪ್ರೊಟೆಕ್ ಸಿಎಲ್‌ಪಿಯಂಥ ದ್ರವ ಒಂದು ಹನಿ. ಅದು ಬಟ್ಟೆಯನ್ನು ಉಬ್ಬಿಸದೆ ಜಾರುವಂತೆ ಮಾಡುತ್ತದೆ.

ಫ್ಲ್ಯಾಂಜ್ ಸರಿಹೋಯಿತೇ ಎಂದು ತಿಳಿಯಲು ತಂತ್ರಜ್ಞರು ಹ್ಯಾಮರನ್ನು ಬಿಚ್ಚಿ, ಫ್ಲ್ಯಾಂಜ್ ಹಿಡಿದು ತೂಗಾಡಿಸುತ್ತಾರೆ. ಐದಾರು ಬಾರಿ ತೂಗಿ ನಿಂತರೆ ಸರಿ. ಒಂದೆರಡು ಸಲಕ್ಕೇ ನಿಂತರೆ ಬಿಗಿ, ಹತ್ತಕ್ಕೂ ಮೀರಿ ತೂಗುತ್ತಿದ್ದರೆ ಸಡಿಲ. ಸಡಿಲವೂ ದೋಷವೇ, ಹ್ಯಾಮರ್ ಅಡ್ಡಾದಿಡ್ಡಿ ಹೋಗಿ ಸ್ವರ ಒಡಕಾಗಿ ಕೇಳುತ್ತದೆ.

ಎಲ್ಲ ಮಂದಗತಿಗೂ ಬುಶ್ ಕಾರಣವಲ್ಲ ಎಂಬುದನ್ನೂ ಹೇಳಬೇಕು. ನಮ್ಮಲ್ಲಿ ಉಳಿದಿರುವ ಅನೇಕ ಹಳೆಯ ಅಪ್‌ರೈಟ್‌ಗಳಲ್ಲಿ ಶ್ವಾಂಡರ್ ಮಾದರಿಯ ಆ್ಯಕ್ಷನ್ ಇದೆ. ಅದರಲ್ಲಿ ಹ್ಯಾಮರಿನ ಸ್ಪ್ರಿಂಗ್ ರೇಷ್ಮೆ ದಾರದ ಒಂದು ಕುಣಿಕೆಗೆ ಸಿಕ್ಕಿಸಿರುತ್ತದೆ. ದಾರ ಲಡ್ಡಾಗಿ ಹರಿದರೆ ಹ್ಯಾಮರ್ ಸೋಮಾರಿಯಾಗುತ್ತದೆ, ಬುಶ್‌ಗೆ ಎಷ್ಟು ಔಷಧಿ ಹಾಕಿದರೂ ಏನೂ ಆಗದು. ಹೊಸ ದಾರ ಅಂಟಿಸುವುದು ತಾಳ್ಮೆಯ ಕೆಲಸ, ದುಬಾರಿಯದ್ದಲ್ಲ. ಹ್ಯಾಮರುಗಳ ಮುಂದೆ ಪಂಜರದ ಸರಳುಗಳಂತೆ ತಂತಿಗಳು ನಿಂತಿದ್ದರೆ ಅದು ಡ್ಯಾಂಪರುಗಳು ಮೇಲಿರುವ ಹಳೆಯ ಇಂಗ್ಲಿಷ್ ಮಾದರಿ. ಅದನ್ನು ಬಿಚ್ಚುವುದು ಬಹಳ ತೊಡಕಿನ ಕೆಲಸ. ಮನೆಯಲ್ಲಿ ಕೈಹಾಕಬೇಡಿ.

ಕಿಲುಬಿನ ಕಥೆ

ಪಿನ್ನಿನ ತುದಿಯಲ್ಲಿ ಹಸಿರು ಇಣುಕಿದರೆ ದಾರಿ ಬೇರೆ. ಇದರ ಅತ್ಯಂತ ಪ್ರಸಿದ್ಧ ಉದಾಹರಣೆ ನ್ಯೂಯಾರ್ಕಿನ ಸ್ಟೈನ್‌ವೇ ಕಾರ್ಖಾನೆಯದು. 19ನೇ ಶತಮಾನದ ಕೊನೆಯಿಂದ ಮುಂದಿನ ಕೆಲವು ದಶಕಗಳವರೆಗೆ ಅಲ್ಲಿ ಆ್ಯಕ್ಷನ್ ಭಾಗಗಳಿಗೆ ತೇವ ತಟ್ಟದಿರಲೆಂದು ಮೇಣ ಹೀರಿಸುತ್ತಿದ್ದರು. ಉದ್ದೇಶ ಒಳ್ಳೆಯದೇ. ಆದರೆ ವರ್ಷಗಳುರುಳಿದಂತೆ ಆ ಜಿಡ್ಡು ಹಿತ್ತಾಳೆ ಪಿನ್ನಿನೊಡನೆ ಸೇರಿ ಹಸಿರಾಗಿ ಗಟ್ಟಿಯಾಯಿತು. ಜಗತ್ತಿನ ಅತ್ಯುತ್ತಮ ಪಿಯಾನೊಗಳ ಹ್ಯಾಮರುಗಳು ಅಂಟಿನಲ್ಲಿ ಸಿಕ್ಕಂತೆ ನಿಧಾನವಾದವು. ಅದೇ ಕಂಪನಿ 1962ರಲ್ಲಿ ಉಣ್ಣೆಯನ್ನೇ ಬಿಟ್ಟು ಟೆಫ್ಲಾನ್ ಬುಶ್ ತಂದಿತು. ಟೆಫ್ಲಾನ್ ತೇವಕ್ಕೆ ಹಿಗ್ಗುವುದಿಲ್ಲ, ಆದರೆ ಅದು ಕೂತಿದ್ದ ಮರ ಹಿಗ್ಗುತ್ತದೆ, ಕುಗ್ಗುತ್ತದೆ. ಋತು ಬದಲಾದಾಗೆಲ್ಲ ಟಕಟಕ ಸದ್ದು. 1980ರ ದಶಕದ ಆರಂಭದ ಹೊತ್ತಿಗೆ ಮತ್ತೆ ಉಣ್ಣೆ ಬಟ್ಟೆಗೇ ಮರಳಿದರು. ಬಟ್ಟೆ ಮತ್ತು ಮರ ಜೊತೆಜೊತೆಗೆ ಉಸಿರಾಡುವುದರಲ್ಲಿ ಒಂದು ಅನುಕೂಲವಿದೆ, ಅದಕ್ಕೆ ಸಮನಾದದ್ದು ಇನ್ನೂ ಸುಲಭವಾಗಿ ಸಿಕ್ಕಿಲ್ಲ.

ಹಿತ್ತಾಳೆ ಪಾತ್ರೆಯ ಕಿಲುಬಿಗೆ ನಾವು ಹುಣಸೆಹಣ್ಣು ಹಾಕಿ ತಿಕ್ಕುತ್ತೇವೆ. ಪಿಯಾನೊದಲ್ಲಿ ಹುಣಸೆ, ನಿಂಬೆ, ವಿನೆಗರ್ ಯಾವುದೂ ಬೇಡ. ತೊಳೆದು ತೆಗೆಯಲಾಗದ ಕಡೆ ಆಮ್ಲ ಉಳಿದರೆ ಕಿಲುಬು ಇನ್ನೂ ಬೇಗ ಕಟ್ಟುತ್ತದೆ. ಆಲ್ಕೊಹಾಲ್ ಹನಿಯಿಂದ ಕೆಲವು ವಾರ ಹಗುರಾದೀತು, ಅಷ್ಟೇ. ನಿಜವಾದ ಚಿಕಿತ್ಸೆ ಪಿನ್ ಬದಲಿಸುವುದು. ಹಳೆಯ ಪಿನ್ ತಳ್ಳಿ ತೆಗೆದು, ಬುಶ್‌ನ ಒಳಗೋಡೆಯನ್ನು ರೀಮರ್‌ನಿಂದ ನಯಗೊಳಿಸಿ, ಅರ್ಧ ಅಳತೆ ದಪ್ಪನೆಯ ಹೊಸ ಪಿನ್ ಕೂರಿಸಿ, ತುದಿಗಳನ್ನು ಮರದ ಮಟ್ಟಕ್ಕೆ ಕತ್ತರಿಸುತ್ತಾರೆ. ಅರ್ಧ ಅಳತೆ ಎಂದರೆ ಮಿಲಿಮೀಟರಿನ ನಲವತ್ತನೇ ಒಂದು ಭಾಗ. ಇಷ್ಟು ಸೂಕ್ಷ್ಮ ಕೆಲಸವನ್ನು ಕಡಿಮೆ ದುಡ್ಡಿಗೆ, ಒಂದೇ ಮಧ್ಯಾಹ್ನದಲ್ಲಿ ಇಡೀ ಪಿಯಾನೊಗೆ ಮಾಡಿಕೊಡುತ್ತೇನೆ ಎನ್ನುವವರನ್ನು ನಂಬಬೇಡಿ. ಮರವೇ ಮೇಣ ಅಥವಾ ಎಣ್ಣೆ ಕುಡಿದಿದ್ದರೆ ಹೊಸ ಪಿನ್ನಿಗೂ ಕೆಲವು ವರ್ಷದಲ್ಲಿ ಹಸಿರು ಹತ್ತುತ್ತದೆ. ಅಂಥ ಕಡೆ ಫ್ಲ್ಯಾಂಜ್ ಸಮೇತ ಹೊಸ ಭಾಗ ಹಾಕುವುದೇ ಜಾಣತನ. ಜರ್ಮನಿಯ ರೆನ್ನರ್‌ನಂಥ ಕಂಪನಿಗಳು ಇವನ್ನು ಈಗಲೂ ಮಾಡುತ್ತವೆ.

ತಂತಿಗಳ ತುಕ್ಕು

ಪಿಯಾನೊದ ಒಂದೊಂದು ಉಕ್ಕಿನ ತಂತಿಯೂ ಸುಮಾರು 70ರಿಂದ 90 ಕಿಲೊ ತೂಕದಷ್ಟು ಬಿಗಿತದಲ್ಲಿರುತ್ತದೆ. ಇನ್ನೂರಕ್ಕೂ ಹೆಚ್ಚು ತಂತಿಗಳ ಒಟ್ಟು ಎಳೆತ ಹದಿನೆಂಟು ಇಪ್ಪತ್ತು ಟನ್. ಇದನ್ನು ಮನಸ್ಸಿನಲ್ಲಿಟ್ಟುಕೊಂಡೇ ತುಕ್ಕನ್ನು ನೋಡಬೇಕು. ತಂತಿಯ ಮೇಲ್ಮೈಯಲ್ಲಿ ಕಂದು ಬಣ್ಣ ತಿರುಗಿದ್ದರೆ ಅಷ್ಟೇನೂ ಭಯವಿಲ್ಲ. ಗಮನಿಸಬೇಕಾದದ್ದು ತಂತಿ ಬಾಗುವ ಜಾಗಗಳು: ಟ್ಯೂನಿಂಗ್ ಪಿನ್ನಿನ ಸುರುಳಿ, ಮೇಲಿನ ಒತ್ತುಪಟ್ಟಿ, ಕೆಳಗಿನ ಕೊಕ್ಕೆ. ಮುರಿಯುವುದು ಅಲ್ಲೇ. ಇಲಿ ಉಚ್ಚೆ ಹೊಯ್ದ ಪಿಯಾನೊಗಳಲ್ಲಿ ಈ ಜಾಗಗಳು ತಿಂದುಹೋಗಿರುತ್ತವೆ.

ಅನುಭವಿ ಟ್ಯೂನರುಗಳು ತುಕ್ಕು ಹಿಡಿದ ತಂತಿಯನ್ನು ನೇರ ಏರಿಸುವುದಿಲ್ಲ. ಮೊದಲು ಚೂರು ಇಳಿಸುತ್ತಾರೆ. ತುಕ್ಕಿನ ಹಿಡಿತ ಬಿಟ್ಟಾಗ ಸಣ್ಣದೊಂದು ಟಿಕ್ ಕೇಳುತ್ತದೆ, ಆಮೇಲೆ ಏರಿಸುತ್ತಾರೆ. ವರ್ಷಗಟ್ಟಲೆ ಶ್ರುತಿ ಮಾಡಿಸದ ಪಿಯಾನೊವನ್ನು ಒಂದೇ ಸಲಕ್ಕೆ ಪೂರ್ಣ ಶ್ರುತಿಗೆ ತರಬೇಕೆಂದು ಒತ್ತಾಯಿಸಬೇಡಿ. ಟ್ಯೂನಿಂಗ್ ಪಿನ್ನಿಗೂ ಎಣ್ಣೆ ನಿಷಿದ್ಧ. ಅದು ಪಿನ್ ಹಿಡಿದಿರುವ ಮರಕ್ಕೆ ಇಳಿದರೆ ಆ ಮರ ಮತ್ತೆಂದೂ ಪಿನ್ನನ್ನು ಬಿಗಿಯಾಗಿ ಹಿಡಿಯದು. ಮಂದ್ರದ ತಾಮ್ರ ಸುತ್ತಿದ ತಂತಿಗಳು ಕಪ್ಪಾಗಿ ದನಿ ಮಂಕಾಗಿದ್ದರೆ ತಿಕ್ಕಿ ಪ್ರಯೋಜನವಿಲ್ಲ, ಕೊಳೆ ಸುತ್ತುಗಳ ನಡುವೆ ಇರುತ್ತದೆ. ಅಳತೆ ಕೊಟ್ಟು ಹೊಸದು ಮಾಡಿಸಬೇಕು.

ಫ್ಲ್ಯಾಂಜ್ ಸ್ಕ್ರೂಗಳೂ ತುಕ್ಕಿಗೆ ಕಚ್ಚಿಕೊಳ್ಳುತ್ತವೆ. ಬಲ ಹಾಕಿ ತಿರುಗಿಸಿದರೆ ತಲೆ ಮುರಿದು ಬರುತ್ತದೆ. ಸೋಲ್ಡರಿಂಗ್ ಕಬ್ಬಿಣದ ತುದಿಯನ್ನು ಸ್ಕ್ರೂ ತಲೆಗೆ ಅರೆ ನಿಮಿಷ ಹಿಡಿದು, ತಣ್ಣಗಾದ ಮೇಲೆ ತಿರುಗಿಸಿದರೆ ಬಿಡುತ್ತದೆ. ಇನ್ನು ಗ್ರ್ಯಾಂಡ್ ಪಿಯಾನೊದ ಆ್ಯಕ್ಷನನ್ನು ಮುಂದಕ್ಕೆ ಎಳೆಯುವಾಗ ಒಂದು ಕೀ ಒತ್ತಿಹೋದರೂ ಹ್ಯಾಮರ್ ಎದ್ದು ಮೇಲಿನ ಮರಕ್ಕೆ ತಗುಲಿ ಪಟಕ್ಕನೆ ಮುರಿಯುತ್ತದೆ. ಒಮ್ಮೆ ನೋಡಿ ಕಲಿಯದೆ ಆ ಕೆಲಸಕ್ಕೆ ಇಳಿಯಬೇಡಿ.

ತೇವ ತಡೆಯುವುದು

ಹಿಂದಿನ ಕಂಪನಿಗಳು ಉಷ್ಣವಲಯಕ್ಕೆ ಕಳಿಸುತ್ತಿದ್ದ ಪಿಯಾನೊಗಳಿಗೆ ಹಿತ್ತಾಳೆ ಸ್ಕ್ರೂ ಹಾಕಿ, ಫೆಲ್ಟುಗಳನ್ನು ಅಂಟಿಸಿದ್ದಲ್ಲದೆ ಹೊಲಿದೂ ಭದ್ರ ಮಾಡುತ್ತಿದ್ದರು. ಅಷ್ಟಾದರೂ ಕೋಣೆಯ ಗಾಳಿಯನ್ನು ನಾವೇ ನೋಡಿಕೊಳ್ಳಬೇಕು. ಒಂದು ಸಣ್ಣ ತೇವಮಾಪಕವನ್ನು ಪಿಯಾನೊ ಮೇಲಿಡಿ. ಶೇಕಡಾ 45ರಿಂದ 60ರೊಳಗೆ ಇದ್ದರೆ ಉತ್ತಮ. ಮಳೆಗಾಲದಲ್ಲಿ 85, 90ನ್ನು ಕಾಣುವ ಕರಾವಳಿಯಲ್ಲಿ 65ಕ್ಕೆ ನಿಲ್ಲಿಸಿದರೂ ದೊಡ್ಡ ಲಾಭ. ಸಂಜೆ ಎರಡು ಗಂಟೆ ಎ.ಸಿ. ಹಾಕಿ ಆಮೇಲೆ ಕಿಟಕಿ ತೆರೆದಿಡುವುದಕ್ಕಿಂತ ಹಾಕದಿರುವುದೇ ಮೇಲು. ಏರಿಳಿತ ಸ್ಥಿರವಾದ ತೇವಕ್ಕಿಂತ ಹೆಚ್ಚು ಹಾಳುಮಾಡುತ್ತದೆ. ಹೊರಗೋಡೆಗೆ ಆನಿಸಬೇಡಿ, ಗೋಡೆಯಿಂದ ಒಂದು ಗೇಣು ದೂರ ಇರಲಿ.

ಕೆಳಗಿನ ಹಲಗೆಯೊಳಗೆ ಬಲ್ಬು ಉರಿಸಿಡುವ ಹಳೆಯ ರೂಢಿ ಕೆಲಸವೇನೋ ಮಾಡುತ್ತದೆ, ಆದರೆ ಒಣ ಮರ, ದೂಳು, ಫೆಲ್ಟ್ ಇರುವ ಜಾಗದಲ್ಲಿ ಅದು ಬೆಂಕಿಗೆ ದಾರಿ. ಅದೇ ಕೆಲಸಕ್ಕೆಂದೇ ಸಿಗುವ 25 ವ್ಯಾಟಿನ ಆಸುಪಾಸಿನ ಬಿಸಿಕಡ್ಡಿ ಹಾಕಿಸಿ, ತೇವ ನೋಡಿ ತಾನೇ ಆರುವ ಸ್ವಿಚ್ ಜೊತೆಗಿರಲಿ. ಬೇಸಿಗೆಯಲ್ಲೂ ಅದು ಉರಿಯುತ್ತಿದ್ದರೆ ಮರ ಸೀಳುತ್ತದೆ. ಸಿಲಿಕಾ ಜೆಲ್ ಪೊಟ್ಟಣಗಳು ತೆರೆದ ಪೆಟ್ಟಿಗೆಯಲ್ಲಿ ಒಂದೆರಡು ದಿನಕ್ಕೇ ತುಂಬಿಹೋಗುತ್ತವೆ, ದುಡ್ಡು ದಂಡ.

ಪಿನ್ ಬದಲಿಸುವ ಕೆಲಸವಿದ್ದರೆ ತಂತ್ರಜ್ಞರನ್ನು ಮಳೆಗಾಲ ಮುಗಿದು ಗಾಳಿ ಹದವಾಗಿರುವ ನವೆಂಬರ್, ಡಿಸೆಂಬರಿನಲ್ಲಿ ಕರೆಸಿ. ಕಡು ಬೇಸಿಗೆಯಲ್ಲಿ ಬಿಗಿಯಾಗಿ ಕೂರಿಸಿದ ಪಿನ್ ಜೂನ್ ಬಂದಾಗ ಮತ್ತೆ ಕಚ್ಚುತ್ತದೆ, ಸುರಿಮಳೆಯಲ್ಲಿ ಸರಿಮಾಡಿದ್ದು ಮಾರ್ಚಿನಲ್ಲಿ ಸಡಿಲಾಗುತ್ತದೆ. ನಿಮ್ಮ ಗುರುತಿನ ಹಾಳೆಯನ್ನು ಅವರ ಕೈಗೆ ಕೊಡಿ. ಇಡೀ ಪಿಯಾನೊದ ಬೆಲೆ ಕೇಳುವ ಮೊದಲು ಅತಿ ಕೆಟ್ಟ ಐದಾರು ಸ್ವರಗಳ ಪಿನ್ ತೆಗೆಸಿ, ಆ ಹಳೆಯ ಪಿನ್‌ಗಳನ್ನು ಬಿಳಿ ಕಾಗದದ ಮೇಲೆ ಹಾಕಿಸಿ ನೀವೇ ನೋಡಿ. ಹೊಳೆಯುತ್ತಿದ್ದರೆ ಉಳಿದವಕ್ಕೆ ಒಣಗಿಸುವುದು ಮತ್ತು ಆಲ್ಕೊಹಾಲ್ ಸಾಕು. ಹಸಿರು ಪುಡಿ ಉದುರಿದರೆ ಮುನ್ನೂರೈವತ್ತರ ಲೆಕ್ಕ ಕೇಳಿ.